ಡೈನೋಸಾರುಗಳ ಗಾತ್ರ: ಮಾಂಸಾಹಾರಿಯೂ ಸಸ್ಯಾಹಾರಿಯೂ

ನಮ್ಮ ಕಥೆಗಳಲ್ಲಿ ಮೃಗರಾಜನೆಂಬ ಬಿರುದು ಸಿಂಹಕ್ಕೆ ಸಂದಿರುವುದು. ಆದರೆ ಕಾಡಿನ ಪ್ರಾಣಿಗಳನ್ನೆಲ್ಲ ತಕ್ಕಡಿಗೆ ಹಾಕಿ ತೂಗಿ, ಹೆಚ್ಚು ತೂಗಿದವನಿಗೇ ಪಟ್ಟವೆಂದು ಗೊತ್ತುಮಾಡಿದರೆ, ಸಿಂಹವೂ ಹುಲಿಯೂ ಮೊದಲಿಗೇ ಹಿಂದಕ್ಕೆ ಸರಿಯಬೇಕಾಗುವುದು. ದೊಡ್ಡ ಗಂಡುಹುಲಿಯೊಂದರ ತೂಕ ಸುಮಾರು ೨೦೦ ಕಿಲೋಗ್ರಾಂ. ದಸರೆಯ ಮೆರವಣಿಗೆಯಲ್ಲಿ ಅಂಬಾರಿಯನ್ನು ಹೊತ್ತು ನಡೆಯುವಂಥ ಗಂಡಾನೆಯಾದರೋ ೪ ಟನ್ನಿಗೆ ಕಡಿಮೆಯಿಲ್ಲ. ಎಂದರೆ ಇಪ್ಪತ್ತು ಹುಲಿಗಳ ತೂಕ. ಆನೆಯ ತರುವಾಯ ಬರುವ ಘೇಂಡಾಮೃಗ, ನೀರಾನೆ, ಜಿರಾಫೆ, ಕಾಟಿ ಇವೆಲ್ಲವೂ ಸೊಪ್ಪುಸದೆಯನ್ನು ತಿಂದು ಬಾಳುವಂಥವೇ. ಮಾಂಸವನ್ನು ತಿನ್ನುವ ಪ್ರಾಣಿಗಳ ಸರದಿ ಬರುವ ಹೊತ್ತಿಗೆ ಪಟ್ಟಿಯಲ್ಲಿ ಬಹುದೂರ ಕೆಳಗಿಳಿದಿರುತ್ತೇವೆ.

ಸುಮಾರು ೨೩ ಕೋಟಿ ವರ್ಷಗಳ ಹಿಂದೆ ಕಾಣಿಸಿಕೊಂಡು, ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ ಅಳಿದುಹೋದ ಡೈನೋಸಾರುಗಳಲ್ಲಿಯೂ ಈ ತಾರತಮ್ಯ ಹೀಗೆಯೇ ಇದ್ದಿತೆ? ಇದ್ದಿತೆಂದೇ ಸಾಮಾನ್ಯವಾದ ಉತ್ತರ. ಅದಕ್ಕೆ ಕಾರಣವೂ ಸಿದ್ಧವಾಗಿರುವುದು: ಸಸ್ಯ ಹೇರಳ, ಮಾಂಸ ವಿರಳ. ಈ ಉತ್ತರ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಇದು ಅರ್ಧ ಉತ್ತರ. ಉಳಿದರ್ಧವೇ ಹೆಚ್ಚು ಸ್ವಾರಸ್ಯವುಳ್ಳದ್ದೆಂದು ನಮ್ಮ ಎಣಿಕೆ. ಡೈನೋಸಾರುಗಳ ವಂಶದಲ್ಲಿ ಇಂದಿಗೂ ಉಳಿದಿರುವ ಪಕ್ಷಿಗಳನ್ನು ಈ ಲೆಕ್ಕದಿಂದ ಬಿಟ್ಟಿರುತ್ತೇವೆ.

ಮೊದಲು ತೂಕದ ಮಾತು. ಕಲ್ಲಾಗಿ ಹೋದ ಎಲುಬನ್ನು ನೋಡಿ, ಮಾಂಸವೂ ಚರ್ಮವೂ ಉಳಿಯದ ಪ್ರಾಣಿಯ ಭಾರವನ್ನು ಹೇಳುವುದು ಹೇಗೆ? ಇಂಗ್ಲೆಂಡಿನಲ್ಲಿ ಮೊದಲು ಹೆಸರು ಪಡೆದ ಎರಡು ಡೈನೋಸಾರುಗಳಲ್ಲಿ ಒಂದು ಮಾಂಸಾಹಾರಿ, ಇನ್ನೊಂದು ಸಸ್ಯಾಹಾರಿ. ಆಕ್ಸ್‌ಫರ್ಡಿನ ವಿಲಿಯಂ ಬಕ್‌ಲೆಂಡನು ೧೮೨೪ರಲ್ಲಿ ಮೆಗಲೋಸಾರಸ್ ಎಂದು ಹೆಸರಿಟ್ಟದ್ದು ಮಾಂಸಾಹಾರಿಗೆ. ಸಸೆಕ್ಸಿನ ವೈದ್ಯನಾದ ಗಿಡಿಯನ್ ಮ್ಯಾಂಟೆಲನು ೧೮೨೫ರಲ್ಲಿ ಇಗ್ವಾನೊಡಾನ್ ಎಂದು ಹೆಸರಿಟ್ಟದ್ದು ಸಸ್ಯಾಹಾರಿಗೆ. ಮ್ಯಾಂಟೆಲನ ಕೈಗೆ ಮೊದಲು ಸಿಕ್ಕಿದ್ದು ಹಲ್ಲುಗಳು. ಅವು ಇಗ್ವಾನ ಎಂಬ ಓತಿಯ ಹಲ್ಲುಗಳನ್ನು ಹೋಲುತ್ತಿದ್ದುದರಿಂದ, ಆ ಸಣ್ಣ ಓತಿಯನ್ನೇ ಹಲ್ಲಿನ ಪ್ರಮಾಣಕ್ಕೆ ತಕ್ಕಂತೆ ಹಿಗ್ಗಿಸಿ, ಪ್ರಾಣಿಯ ಉದ್ದ ೬೦ ಅಡಿಗೂ ಮೀರಿದ್ದಿತೆಂದು ಅವನು ಎಣಿಸಿದನು. ಡೈನೋಸಾರ್ ಎಂಬ ಮಾತನ್ನೇ ೧೮೪೨ರಲ್ಲಿ ಚಲಾವಣೆಗೆ ತಂದ ರಿಚರ್ಡ್ ಓವೆನನು ಇದನ್ನು ಒಪ್ಪಲಿಲ್ಲ. ಇವು ಹಿಗ್ಗಿದ ಓತಿಗಳಲ್ಲ, ಆನೆ ಘೇಂಡಾಮೃಗಗಳಂತೆ ಕಾಲುಗಳನ್ನು ದೇಹದ ಕೆಳಗೆ ನೇರವಾಗಿ ಊರಿ ನಿಲ್ಲುತ್ತಿದ್ದ ಪ್ರಾಣಿಗಳೆಂದು ಅವನು ವಾದಿಸಿದನು. ಅವನ ಲೆಕ್ಕದಲ್ಲಿ ಮೆಗಲೋಸಾರಸ್ಸಿಗೆ ಸುಮಾರು ೩೦ ಅಡಿ, ಇಗ್ವಾನೊಡಾನಿಗೆ ೨೮ ಅಡಿ. ಮಾಂಸಾಹಾರಿಯೂ ಸಸ್ಯಾಹಾರಿಯೂ ಸರಿಸಮವಾಗಿ ನಿಂತವು! ಅಂದು ದೊರೆತಿದ್ದ ಎಲುಬುಗಳ ಮಟ್ಟಿಗೆ ಈ ತೀರ್ಮಾನ ಅಸಂಗತವೇನೂ ಆಗಿರಲಿಲ್ಲ. ಇದು ಮುಂದೆ ನಮ್ಮ ಉಪಯೋಗಕ್ಕೆ ಬರುವುದು.

ಉದ್ದವನ್ನು ನೆಚ್ಚಿ ಗಾತ್ರವನ್ನು ಹೇಳುವುದು ಅಪಾಯ. ಬಾಲವೇ ಅರ್ಧ ದೇಹವಾಗಿರುವ ಪ್ರಾಣಿಯನ್ನು ಮೋಟುಬಾಲದ ಪ್ರಾಣಿಯೊಡನೆ ಹೋಲಿಸಿದಂತೆ ಆಗುವುದು. ಹಾಗೆ ನೋಡಿದರೆ ಹೆಬ್ಬಾವು ಹುಲಿಗಿಂತ ದೊಡ್ಡದು. ತೂಕವನ್ನು ಕಂಡುಹಿಡಿಯಲು ಇಂದು ಎರಡು ಮಾರ್ಗಗಳು ಬಳಕೆಯಲ್ಲಿವೆ. ಒಂದು, ಅಸ್ಥಿಪಂಜರಕ್ಕೆ ಮಾಂಸವನ್ನು ಕಲ್ಪಿಸಿ ಮಾದರಿಯನ್ನು ಮಾಡಿ ಅದರ ಘನಗಾತ್ರವನ್ನು ಅಳೆಯುವುದು. ಇನ್ನೊಂದು, ಕಾಲಿನ ಎಲುಬಿನ ಸುತ್ತಳತೆಯಿಂದ ಲೆಕ್ಕಹಾಕುವುದು. ಎರಡನೆಯದರ ಬೇರು ಗೆಲಿಲಿಯೋ ೧೬೩೮ರಲ್ಲಿ ಬರೆದ ಮಾತಿನಲ್ಲಿದೆ: ಪ್ರಾಣಿಯ ಉದ್ದ, ಅಗಲ, ಎತ್ತರ ಎಲ್ಲವೂ ಎರಡರಷ್ಟಾದರೆ ಅದರ ಭಾರ ಎಂಟರಷ್ಟಾಗುವುದು, ಆದರೆ ಭಾರವನ್ನು ಹೊರುವ ಎಲುಬಿನ ಅಡ್ಡಕೊಯ್ತ ನಾಲ್ಕರಷ್ಟು ಮಾತ್ರ ಆಗುವುದು. ಆದಕಾರಣ ದೊಡ್ಡ ಪ್ರಾಣಿಯ ಎಲುಬು ಉದ್ದಕ್ಕೆ ಮೀರಿ ದಪ್ಪವಾಗಲೇಬೇಕು. ಇಂದು ಬದುಕಿರುವ ನಾಲ್ಕುಕಾಲಿನ ಪ್ರಾಣಿಗಳಲ್ಲಿ ತೊಡೆಯೆಲುಬು ತೋಳೆಲುಬುಗಳ ಸುತ್ತಳತೆಗೂ ದೇಹದ ತೂಕಕ್ಕೂ ನಿಕಟವಾದ ಸಂಬಂಧವಿರುವುದನ್ನು ಗೊತ್ತುಮಾಡಿಕೊಂಡು, ಅದೇ ಸೂತ್ರವನ್ನು ಡೈನೋಸಾರುಗಳಿಗೂ ಅನ್ವಯಿಸುವರು.

ಈ ಮಾರ್ಗಗಳು ಎಷ್ಟು ನಂಬಿಕೆಗೆ ಅರ್ಹವೆಂಬುದಕ್ಕೆ ಬರ್ಲಿನ್ ವಸ್ತುಸಂಗ್ರಹಾಲಯದ ಒಂದು ಅಸ್ಥಿಪಂಜರವನ್ನು ನೋಡಬಹುದು. ಇಂದಿನ ಟಾಂಜಾನಿಯಕ್ಕೆ ಸೇರಿದ ತೆಂಡಗುರು ಎಂಬಲ್ಲಿ ೧೯೦೯ರಿಂದ ೧೯೧೩ರವರೆಗೆ ಜರ್ಮನರು ಅಗೆದು ತೆಗೆದ ಎಲುಬುಗಳನ್ನು ೧೯೩೭ರಲ್ಲಿ ಅಲ್ಲಿ ಜೋಡಿಸಿ ನಿಲ್ಲಿಸಿದರು. ಈಗ ಅದಕ್ಕೆ ಜಿರಾಫಟೈಟನ್ ಎಂಬ ಹೆಸರು. ನೆಲದಿಂದ ತಲೆಯವರೆಗೆ ೪೩ ಅಡಿಗೂ ಹೆಚ್ಚು ಎತ್ತರ. ಅಮೆರಿಕದ ಎಡ್ವಿನ್ ಕೋಲ್ಬರ್ಟನು ೧೯೬೨ರಲ್ಲಿ ಸಣ್ಣ ಮಾದರಿಯ ಸಹಾಯದಿಂದ ಇದರ ಜಾತಿಗೆ ೭೮ ಟನ್ ತೂಕವನ್ನು ಕಟ್ಟಿದನು. ಆ ತರುವಾಯದ ಅಂದಾಜುಗಳು ೩೦, ೪೦ ಟನ್ನುಗಳ ಆಸುಪಾಸಿಗೆ, ಕೆಲವು ಅದಕ್ಕೂ ಕೆಳಗೆ ಇಳಿದುವು. ಎಲುಬು ಬದಲಾಗಲಿಲ್ಲ, ಅದರ ಮೇಲೆ ಎಷ್ಟು ಮಾಂಸವನ್ನು ಹೊದಿಸಬೇಕು, ಒಳಗೆ ಎಷ್ಟು ಗಾಳಿಯನ್ನು ತುಂಬಬೇಕು ಎಂಬ ತಿಳಿವಳಿಕೆ ಬದಲಾಯಿತು. ಆದುದರಿಂದ ಮುಂದೆ ನಾವು ಹೇಳುವ ಅಂಕಿಗಳನ್ನು ಅಂಗಡಿಯ ತಕ್ಕಡಿಯ ಅಂಕಿಗಳಂತೆ ಎಣಿಸದೆ, ಆಚೀಚೆಗೆ ಒಂದಿಷ್ಟು ಅವಕಾಶವನ್ನು ಬಿಟ್ಟು ಕೇಳಬೇಕು. ಅದೃಷ್ಟವಶಾತ್ ಎರಡು ಪಂಗಡಗಳ ನಡುವಣ ಅಂತರ ಈ ಅವಕಾಶಕ್ಕಿಂತ ಬಹಳ ದೊಡ್ಡದು.

ಮಾಂಸಾಹಾರಿಗಳ ಕಡೆಯಿಂದ ಟಿರನೊಸಾರಸ್ ರೆಕ್ಸ್ ಬರಲಿ. ಹೆನ್ರಿ ಫೇರ್‌ಫೀಲ್ಡ್ ಆಸ್ಬಾರ್ನನು ೧೯೦೫ರಲ್ಲಿ ಇದಕ್ಕೆ ಈ ರಾಜಪದವಿಯ ಹೆಸರನ್ನು ಕೊಟ್ಟನು. ಷಿಕಾಗೋ ನಗರದಲ್ಲಿರುವ, 'ಸೂ' ಎಂದು ಹೆಸರಾದ ಅಸ್ಥಿಪಂಜರ ೧೯೯೦ರಲ್ಲಿ ದಕ್ಷಿಣ ಡಕೋಟದಲ್ಲಿ ಸಿಕ್ಕಿತು. ಉದ್ದ ೪೦ ಅಡಿ. ಕೆನಡದ ಸಸ್ಕಾಚುವಾನ್ ಪ್ರಾಂತದ 'ಸ್ಕಾಟಿ' ಎಂಬುದರ ತೂಕ ಸುಮಾರು ೮.೮ ಟನ್ನೆಂದು ೨೦೧೯ರಲ್ಲಿ ಲೆಕ್ಕಹಾಕಿದರು. ಈಜಿಪ್ಟಿನ ಸ್ಪೈನೊಸಾರಸ್ ಇದಕ್ಕಿಂತ ಉದ್ದವಾಗಿದ್ದರೂ ತೂಕದಲ್ಲಿ ಹೆಚ್ಚಿರಲಿಲ್ಲವೆಂದು ತೋರುವುದು. ಎರ್ನ್‌ಸ್ಟ್ ಸ್ಟ್ರೋಮರನು ೧೯೧೫ರಲ್ಲಿ ವರ್ಣಿಸಿದ ಅದರ ಮೊದಲ ಎಲುಬುಗಳು ೧೯೪೪ರಲ್ಲಿ ಮ್ಯೂನಿಚ್ ನಗರದ ಮೇಲೆ ಬಿದ್ದ ಬಾಂಬುಗಳಿಗೆ ಆಹುತಿಯಾದುವು. ಒಟ್ಟಿನಲ್ಲಿ ಮಾಂಸಾಹಾರಿಗಳ ಮೇಲ್ಮಿತಿಯನ್ನು ೯ ಟನ್, ಧಾರಾಳವಾಗಿ ಹೇಳಿದರೆ ೧೦ ಟನ್ ಎಂದು ಇಟ್ಟುಕೊಳ್ಳಬಹುದು.

ಸಸ್ಯಾಹಾರಿಗಳ ಕಡೆಯಿಂದ ಬರುವವರು ಸಾರೊಪಾಡ್ ಎಂಬ ಬಳಗದವರು. ಉದ್ದನೆಯ ಕತ್ತು, ಚಿಕ್ಕ ತಲೆ, ಕಂಬಗಳಂಥ ನಾಲ್ಕು ಕಾಲು, ಉದ್ದನೆಯ ಬಾಲ. ಅರ್ಜೆಂಟೀನದ ಪಟಗೋನಿಯ ಸೀಮೆಯಲ್ಲಿ ಸಿಕ್ಕಿ ೨೦೧೭ರಲ್ಲಿ ಹೆಸರು ಪಡೆದ ಪಟಗೋಟೈಟನ್ ಸುಮಾರು ೧೨೦ ಅಡಿ ಉದ್ದ. ಅದರ ತೂಕವನ್ನು ಮೊದಲು ೬೯ ಟನ್ನೆಂದು ಹೇಳಿ, ಅನಂತರ ಸುಮಾರು ೫೭ ಟನ್ನಿಗೆ ಇಳಿಸಿದರು. ೧೯೯೩ರಲ್ಲಿ ಹೆಸರಿಸಲ್ಪಟ್ಟ ಅರ್ಜೆಂಟಿನೊಸಾರಸ್ಸಿನ ಎಲುಬುಗಳು ದೊರೆತಿರುವುದು ಬೆರಳೆಣಿಕೆಯಷ್ಟು. ಅದಕ್ಕೆ ೬೫ರಿಂದ ೮೦ ಟನ್ನುಗಳವರೆಗೆ ತೂಕವನ್ನು ಕಟ್ಟುವರು. ಇದೇ ಅರ್ಜೆಂಟಿನೊಸಾರಸ್ ದೊರೆತ ಶಿಲಾಸ್ತರದಲ್ಲಿಯೇ ಮೆರಾಕ್ಸೆಸ್ ಎಂಬ ಮಾಂಸಾಹಾರಿಯೂ ದೊರೆತಿದೆ. ೨೦೨೨ರಲ್ಲಿ ಅದನ್ನು ವರ್ಣಿಸಿದವರು ಅದಕ್ಕೆ ಕೊಟ್ಟ ತೂಕ ೪ ಟನ್ನಿಗೆ ಸ್ವಲ್ಪ ಹೆಚ್ಚು. ಒಂದೇ ನೆಲದ ಮೇಲೆ ತಿರುಗಾಡಿದ ಇವೆರಡರ ತೂಕದಲ್ಲಿ ಹದಿನೈದು ಪಟ್ಟಿನ ಅಂತರ. ನಮ್ಮ ಕಾಡಿನ ಆನೆಗೂ ಹುಲಿಗೂ ಇರುವ ಅಂತರದಿಂದ ಇದು ಬಹಳ ದೂರವಿಲ್ಲ.

ಇದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣವನ್ನು ನೋಡೋಣ. ಗಿಡ ಬಿಸಿಲಿನಿಂದ ಸಂಪಾದಿಸಿದ ಶಕ್ತಿಯಲ್ಲಿ ಅದನ್ನು ತಿಂದ ಪ್ರಾಣಿಯ ಮೈಗೆ ಸೇರುವುದು ಸ್ಥೂಲವಾಗಿ ಹತ್ತರಲ್ಲೊಂದು ಪಾಲು. ಆ ಪ್ರಾಣಿಯನ್ನು ತಿಂದದ್ದಕ್ಕೆ ಅದರಲ್ಲಿಯೂ ಹತ್ತರಲ್ಲೊಂದು ಪಾಲು. ಉಳಿದುದೆಲ್ಲ ಉಸಿರಾಟಕ್ಕೂ ಓಡಾಟಕ್ಕೂ ಮೈಯ ಬಿಸಿಗೂ ಕರಗಿಹೋಗುವುದು. ನಮ್ಮ ನಾಗರಹೊಳೆಯ ಕಾಡಿನಲ್ಲಿ ಹುಲಿಗಳನ್ನು ಬಹುಕಾಲ ಅಭ್ಯಾಸಮಾಡಿದ ಉಲ್ಲಾಸ ಕಾರಂತರು ಕೊಟ್ಟಿರುವ ಲೆಕ್ಕ ಇದನ್ನು ಕಣ್ಣಿಗೆ ಕಟ್ಟಿದಂತೆ ತೋರಿಸುವುದು: ಒಂದು ಹುಲಿ ವರ್ಷಕ್ಕೆ ಸುಮಾರು ೫೦ ದೊಡ್ಡ ಪ್ರಾಣಿಗಳನ್ನು ಕೊಲ್ಲುವುದು, ಆ ಐವತ್ತನ್ನು ಕಳೆದುಕೊಂಡೂ ಹಿಂಡು ಕುಗ್ಗದಿರಬೇಕಾದರೆ ಕಾಡಿನಲ್ಲಿ ೫೦೦ ಪ್ರಾಣಿಗಳಾದರೂ ಇರಬೇಕು. ಹುಲಿಯ ದೇಹ ಎರಡರಷ್ಟಾಗಿದ್ದರೆ ಅದಕ್ಕೆ ಬೇಕಾಗುವ ಹಿಂಡೂ ಬೆಳೆಯುತ್ತಿದ್ದಿತು, ಹಿಂಡು ಮೇಯುವ ಕಾಡೂ ಬೆಳೆಯಬೇಕಾಗುತ್ತಿದ್ದಿತು. ಕಾಡು ಬೆಳೆಯದಿದ್ದರೆ ಹುಲಿಗಳ ಸಂಖ್ಯೆಯೇ ಇಳಿಯಬೇಕು. ಸಂಖ್ಯೆ ಒಂದು ಮಿತಿಗಿಂತ ಕೆಳಗಿಳಿದ ಪ್ರಾಣಿಜಾತಿ ಒಂದು ಬರಗಾಲಕ್ಕೆ, ಒಂದು ರೋಗಕ್ಕೆ ಸಿಕ್ಕಿ ನಿರ್ಮೂಲವಾಗುವುದು. ಆದುದರಿಂದ ಮಾಂಸಾಹಾರಿಯ ಗಾತ್ರಕ್ಕೆ ಮೇಲಿನಿಂದ ಒಂದು ಚಪ್ಪಡಿ ಮುಚ್ಚಿದಂತೆ ಇರುವುದು. ಟಿರನೊಸಾರಸ್ಸುಗಳು ಯಾವುದೇ ಒಂದು ಕಾಲದಲ್ಲಿ ಎಷ್ಟು ಬದುಕಿದ್ದುವೆಂದು ೨೦೨೧ರಲ್ಲಿ ಲೆಕ್ಕಹಾಕಿದವರು, ಅವು ಹರಡಿದ್ದ ಉತ್ತರ ಅಮೆರಿಕದ ಪ್ರದೇಶಕ್ಕೆಲ್ಲ ಸೇರಿ ಸುಮಾರು ೨೦,೦೦೦ ಎಂದು ಹೇಳಿರುವರು. ಈ ಅಂದಾಜಿನಲ್ಲಿ ಹೆಚ್ಚುಕಡಿಮೆಗೆ ಬಹಳ ಎಡೆಯಿದೆ. ಆದರೂ ಅಷ್ಟು ದೊಡ್ಡ ನಾಡಿಗೆ ಅದು ದೊಡ್ಡ ಸಂಖ್ಯೆಯಲ್ಲ.

ಇಲ್ಲಿಗೆ ವಿಷಯ ಮುಗಿಯಿತೆಂದು ಅನೇಕ ಪುಸ್ತಕಗಳು ನಿಲ್ಲಿಸಿಬಿಡುವುವು. ಆದರೆ ಸಸ್ಯವನ್ನು ತಿನ್ನುವುದರಿಂದಲೇ ಪ್ರಾಣಿ ೭೦ ಟನ್ನಿಗೆ ಬೆಳೆಯುವುದಾದರೆ, ಎಲ್ಲ ಸಸ್ಯಾಹಾರಿ ಡೈನೋಸಾರುಗಳೂ ಹಾಗೇಕೆ ಬೆಳೆಯಲಿಲ್ಲ? ಸಾರೊಪಾಡುಗಳನ್ನು ಒಂದು ಕಡೆಗೆ ಸರಿಸಿ ಮಿಕ್ಕವರನ್ನು ಕರೆದು ನಿಲ್ಲಿಸಿ ನೋಡಿ. ಟಿರನೊಸಾರಸ್ಸಿನ ಕಾಲದ, ಅದೇ ನೆಲದ, ಮೂರು ಕೊಂಬಿನ ಟ್ರೈಸೆರಟಾಪ್ಸ್ ತೂಕದಲ್ಲಿ ಹೆಚ್ಚುಕಡಿಮೆ ಟಿರನೊಸಾರಸ್ಸಿಗೆ ಸಮಾನವೇ. ಬಾತುಕೋಳಿಯಂತೆ ಮೂತಿ ಚಪ್ಪಟೆಯಾಗಿದ್ದ ಸಸ್ಯಾಹಾರಿಗಳಲ್ಲಿ ಅತ್ಯಂತ ದೊಡ್ಡದಾದ, ಚೀನದ ಷಾಂಟುಂಗ್ ಪ್ರಾಂತದಲ್ಲಿ ದೊರೆತು ೧೯೭೩ರಲ್ಲಿ ಹೆಸರು ಪಡೆದ ಷಾಂಟುಂಗೊಸಾರಸ್ ಸುಮಾರು ೫೦ ಅಡಿ ಉದ್ದವಿದ್ದು, ೧೦ರಿಂದ ೧೬ ಟನ್ನುಗಳ ನಡುವೆ ತೂಗುತ್ತಿದ್ದಿತು. ಅತ್ಯಂತ ದೊಡ್ಡ ಮಾಂಸಾಹಾರಿಗಿಂತ ಇದು ಒಂದೂವರೆಯಷ್ಟು; ಹದಿನೈದು ಪಟ್ಟು ಎಲ್ಲಿ, ಇದೆಲ್ಲಿ! ಓವೆನನಿಗೆ ಮೆಗಲೋಸಾರಸ್ಸೂ ಇಗ್ವಾನೊಡಾನೂ ಸರಿಸಮವೆಂದು ತೋರಿದುದು ಆಶ್ಚರ್ಯವಲ್ಲ. ಇಗ್ವಾನೊಡಾನ್ ಈ ಎರಡನೆಯ ಪಂಗಡದ್ದು. ಆದುದರಿಂದ ಆ ಭಾರಿಯ ಅಂತರ ಮಾಂಸಕ್ಕೂ ಸೊಪ್ಪಿಗೂ ನಡುವಣ ಅಂತರ ಮಾತ್ರವಲ್ಲ. ಸೊಪ್ಪನ್ನು ತಿನ್ನುವ ರೀತಿಯಲ್ಲಿಯೇ ಒಂದು ಗುಟ್ಟಿರಬೇಕು.

ಆ ಗುಟ್ಟು ಅಗಿಯುವುದರಲ್ಲಿದೆ. ಸರಿಯಾಗಿ ಹೇಳಬೇಕಾದರೆ ಅಗಿಯದಿರುವುದರಲ್ಲಿದೆ. ಷಾಂಟುಂಗೊಸಾರಸ್ಸಿನ ದವಡೆಯಲ್ಲಿ ನೂರಾರು ಹಲ್ಲುಗಳು ಒತ್ತಾಗಿ ಸೇರಿ ಬೀಸುವ ಕಲ್ಲಿನಂತೆ ಕೆಲಸಮಾಡುತ್ತಿದ್ದುವು. ನಮ್ಮ ಆನೆಯೂ ಹಾಗೆಯೇ ಅಗಿಯುವ ಪ್ರಾಣಿ. ಅದು ದಿನಕ್ಕೆ ಸುಮಾರು ೧೫೦ ಕಿಲೋಗ್ರಾಂ ಮೇವನ್ನು ತಿನ್ನುವುದು. ಅದಕ್ಕಾಗಿ ದಿನದ ಮೂರರಲ್ಲಿ ಎರಡು ಪಾಲು ಹೊತ್ತನ್ನು ಮೇಯುವುದರಲ್ಲಿಯೇ ಕಳೆಯುವುದು. ದೇಹ ಬೆಳೆದಂತೆ ಹೊಟ್ಟೆ ಬೆಳೆಯುವುದು, ದವಡೆಯೂ ಬೆಳೆಯಬೇಕು. ಆದರೆ ದಿನಕ್ಕೆ ಇರುವುದು ಇಪ್ಪತ್ತನಾಲ್ಕೇ ಗಂಟೆ. ಭಾರವಾದ ದವಡೆಯನ್ನು ಹೊತ್ತ ದೊಡ್ಡ ತಲೆಯನ್ನು ಉದ್ದವಾದ ಕತ್ತಿನ ತುದಿಯಲ್ಲಿ ಇಡುವಂತೆಯೂ ಇಲ್ಲ. ಹೀಗಿರಲು, ಅಗಿಯುವ ಸಸ್ಯಾಹಾರಿಗೆ ಒಂದು ಮಿತಿ ತಾನಾಗಿ ಒದಗುವುದು. ಸಸ್ತನಿಗಳಲ್ಲಿಯೂ ಇದಕ್ಕೆ ಸಾಕ್ಷಿಯುಂಟು. ನೆಲದ ಮೇಲೆ ನಡೆದಾಡಿದ ಅತ್ಯಂತ ದೊಡ್ಡ ಸಸ್ತನಿಗಳಲ್ಲಿ ಒಂದಾದ, ಕೊಂಬಿಲ್ಲದ ಘೇಂಡಾಮೃಗದಂತಿದ್ದ ಪಾರಸೆರಥೀರಿಯಮ್ಮಿನ ಎಲುಬುಗಳು ಬಲೂಚಿಸ್ತಾನದ ದೇರಾ ಬುಗ್ತಿಯಲ್ಲಿ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಸಿಕ್ಕಿದುವು. ಅದರ ತೂಕ ೧೫ರಿಂದ ೨೦ ಟನ್. ಒಂದು ಸಸ್ತನಿ, ಇನ್ನೊಂದು ಡೈನೋಸಾರ್. ನಡುವೆ ಕೋಟಿಗಟ್ಟಲೆ ವರ್ಷಗಳ ಅಂತರ. ಆದರೂ ಅಗಿಯುವ ಎರಡು ಬಳಗಗಳೂ ಬಂದು ನಿಂತ ಎಲ್ಲೆ ಹತ್ತಿರ ಹತ್ತಿರವಾಗಿದೆ. ಇದು ಕಾಕತಾಳೀಯವೆಂದು ನಮಗೆ ತೋರುವುದಿಲ್ಲ.

ಸಾರೊಪಾಡುಗಳು ಅಗಿಯುತ್ತಿರಲಿಲ್ಲ. ಅವುಗಳ ಹಲ್ಲುಗಳು ಎಲೆಯನ್ನು ಕೀಳುವುದಕ್ಕೂ ಕತ್ತರಿಸುವುದಕ್ಕೂ ಆದುವೇ ಹೊರತು ಅರೆಯುವುದಕ್ಕೆ ಆದುವಲ್ಲ. ಕಿತ್ತದ್ದನ್ನು ನುಂಗಿ, ಅರೆಯುವ ಕೆಲಸವನ್ನು ಹೊಟ್ಟೆಯಲ್ಲಿನ ಸೂಕ್ಷ್ಮಜೀವಿಗಳಿಗೂ ಕಾಲಕ್ಕೂ ಒಪ್ಪಿಸುತ್ತಿದ್ದುವು. ಹೊಟ್ಟೆ ದೊಡ್ಡದಾದಷ್ಟೂ ಮೇವು ಒಳಗೆ ಹೆಚ್ಚು ಕಾಲ ನಿಂತು ಕೊಳೆಯುವುದು. ಆದುದರಿಂದ ಇಲ್ಲಿ ಗಾತ್ರವೇ ಜೀರ್ಣಶಕ್ತಿಗೆ ಸಹಾಯಕ. ಅಗಿಯದುದರಿಂದ ತಲೆ ಚಿಕ್ಕದು. ತಲೆ ಚಿಕ್ಕದಾದುದರಿಂದ ಕತ್ತು ಉದ್ದವಾಗಬಹುದು. ಚೀನದ ಮಾಮೆಂಚಿಸಾರಸ್ಸಿನ ಒಂದು ಜಾತಿಯ ಕತ್ತು ಸುಮಾರು ೫೦ ಅಡಿ ಇದ್ದಿರಬೇಕೆಂದು ೨೦೨೩ರಲ್ಲಿ ಅಂದಾಜುಮಾಡಿದರು. ಅಂಥ ಕತ್ತುಳ್ಳ ಪ್ರಾಣಿ ತನ್ನ ಭಾರವಾದ ದೇಹವನ್ನು ಹೆಜ್ಜೆಹೆಜ್ಜೆಗೂ ಎಳೆದಾಡದೆ, ನಿಂತಲ್ಲಿಯೇ ನಿಂತು ಸುತ್ತಣ ಹಸುರನ್ನೆಲ್ಲ ಗುಡಿಸಿಹಾಕಬಹುದು. ಇನ್ನು ಅದರ ಬೆನ್ನೆಲುಬಿನ ಮಣಿಗಳು ಒಳಗೆ ಟೊಳ್ಳು. ಪಕ್ಷಿಗಳಲ್ಲಿರುವಂತೆ ಶ್ವಾಸಕೋಶಕ್ಕೆ ಸೇರಿದ ಗಾಳಿಚೀಲಗಳು ಎಲುಬಿನೊಳಕ್ಕೂ ಹಬ್ಬಿದ್ದುವು. ಇದರಿಂದ ಕತ್ತು ಹಗುರವಾಯಿತು, ಉದ್ದವಾದ ಕೊರಳಿನಲ್ಲಿ ಉಸಿರಾಟ ಸುಗಮವಾಯಿತು. ಜರ್ಮನಿಯ ಬಾನ್ ನಗರದ ಮಾರ್ಟಿನ್ ಸ್ಯಾಂಡರ್ ಮತ್ತು ಅವರ ಸಹೋದ್ಯೋಗಿಗಳು ೨೦೧೧ರಲ್ಲಿ ಈ ಕಾರಣಗಳನ್ನೆಲ್ಲ ಒಂದಕ್ಕೊಂದು ಹೆಣೆದು ವಿವರಿಸಿರುವರು. ಒಂದೇ ಕಾರಣವನ್ನು ಹಿಡಿದು ಜಗ್ಗುವ ಹಿಂದಿನ ವಿವರಣೆಗಳಿಗಿಂತ ಇದು ಮೇಲೆಂದು ನಮ್ಮ ಅಭಿಪ್ರಾಯ.

ಸೊಪ್ಪು ಎಂದೆವು, ಯಾವ ಸೊಪ್ಪು? ಬಹುಕಾಲ ಇವುಗಳ ಆಹಾರ ಜರೀಗಿಡ, ಸೈಕಸ್, ದೇವದಾರಿನ ಬಳಗದ ಮರಗಳು ಮೊದಲಾದುವು. ಡೈನೋಸಾರುಗಳು ಹುಲ್ಲನ್ನು ಕಂಡೇ ಇರಲಿಲ್ಲವೆಂದು ಹಿಂದೆ ಹೇಳುತ್ತಿದ್ದರು. ಮಹಾರಾಷ್ಟ್ರದ ಪಿಸ್‌ದುರಾ ಎಂಬಲ್ಲಿ ದೊರೆತ, ಕಲ್ಲಾದ ಸಗಣಿಯಲ್ಲಿ ಹುಲ್ಲಿನ ಕಣಗಳಿರುವುದನ್ನು, ಅವುಗಳಲ್ಲಿ ಭತ್ತದ ನೆಂಟತನದವೂ ಇರುವುದನ್ನು, ಲಖನೌದ ಬೀರಬಲ ಸಾಹನಿ ಸಂಸ್ಥೆಯ ವಿಜ್ಞಾನಿಗಳೂ ಅವರ ಸಹೋದ್ಯೋಗಿಗಳೂ ೨೦೦೫ರಲ್ಲಿ ಪ್ರಕಟಿಸಿದ ಮೇಲೆ ಆ ಮಾತು ನಿಂತಿತು.

ಇಲ್ಲಿ ಚತುರರಾದ ಶ್ರೋತೃಗಳು ಒಂದು ಆಕ್ಷೇಪವನ್ನು ಎತ್ತಬಹುದು. ಮಾಂಸಾಹಾರಿ ಡೈನೋಸಾರುಗಳೂ ಅಗಿಯುತ್ತಿರಲಿಲ್ಲ, ಅವುಗಳಿಗೂ ಗಾಳಿಚೀಲಗಳಿದ್ದುವು, ಅವೂ ಮೊಟ್ಟೆಯಿಡುತ್ತಿದ್ದುವು. ಅವೇಕೆ ಸಾರೊಪಾಡುಗಳಂತೆ ಬೆಳೆಯಲಿಲ್ಲ? ಒಂದು ರೀತಿಯಲ್ಲಿ ಅವು ಬೆಳೆದುವೆಂದೇ ಹೇಳಬೇಕು. ಇಂದು ನೆಲದ ಮೇಲೆ ಬೇಟೆಯಾಡುವ ಸಸ್ತನಿಗಳಲ್ಲಿ ಅತ್ಯಂತ ದೊಡ್ಡದಾದ ಧ್ರುವಪ್ರದೇಶದ ಬಿಳಿಯ ಕರಡಿ ಮುಕ್ಕಾಲು ಟನ್ನನ್ನು ಮುಟ್ಟುವುದೇ ಅಪೂರ್ವ. ಅದರ ಮುಂದೆ ೯ ಟನ್ನಿನ ಟಿರನೊಸಾರಸ್ ಪರ್ವತ. ಅದಕ್ಕೂ ಮೇಲೆ ಹೋಗದಂತೆ ತಡೆದುದಕ್ಕೆ ಆಹಾರದ ಲೆಕ್ಕವನ್ನು ಆಗಲೇ ಹೇಳಿದೆವು. ಇನ್ನೊಂದು ತಡೆ ಕಾಲಿನದು. ಮಾಂಸಾಹಾರಿಗಳೆಲ್ಲ ಬಹುಮಟ್ಟಿಗೆ ಎರಡೇ ಕಾಲಿನ ಮೇಲೆ ನಡೆದಂಥವು. ನಾಲ್ಕು ಕಂಬಗಳ ಮೇಲೆ ನಿಂತ ಮಂಟಪದ ಭಾರವನ್ನು ಎರಡು ಕಂಬಗಳು ಹೊರಬೇಕಾದರೆ, ಅದರಲ್ಲಿಯೂ ಆ ಕಂಬಗಳು ಬೇಟೆಯನ್ನು ಅಟ್ಟಿಹೋಗಬೇಕಾದರೆ, ಗೆಲಿಲಿಯೋವಿನ ನಿಯಮ ಬೇಗನೆ ಬಂದು ಅಡ್ಡಗಟ್ಟುವುದು. ಟಿರನೊಸಾರಸ್ ವೇಗವಾಗಿ ಓಡಬೇಕಾಗಿದ್ದರೆ ಅದರ ಕಾಲುಗಳಲ್ಲಿ ಅಸಾಧ್ಯವೆನಿಸುವಷ್ಟು ಮಾಂಸಖಂಡ ಇರಬೇಕಾಗುತ್ತಿದ್ದಿತೆಂದು ೨೦೦೨ರಲ್ಲಿ ಗಣಿತದಿಂದ ತೋರಿಸಿದರು. ಅದು ಭಾರವಾಗಿ ನಡೆಯುತ್ತಿದ್ದಿತು, ಹೆಚ್ಚೆಂದರೆ ಬಿರುಸಾಗಿ ನಡೆಯುತ್ತಿದ್ದಿತು.

ಈ ಎರಡು ತಡೆಗಳಲ್ಲಿ ಯಾವುದು ಹಿರಿದು? ಇದನ್ನು ಪರೀಕ್ಷಿಸಲು ಪ್ರಕೃತಿಯೇ ಒಂದು ಪ್ರಯೋಗವನ್ನು ಮಾಡಿಟ್ಟಂತಿದೆ. ೧೯೬೫ರಲ್ಲಿ ಪೋಲೆಂಡು ಮಂಗೋಲಿಯಗಳ ವಿದ್ವಾಂಸರು ಕೂಡಿ ಗೋಬಿ ಮರುಭೂಮಿಯಲ್ಲಿ ಹುಡುಕುತ್ತಿದ್ದಾಗ ಎಂಟು ಅಡಿ ಉದ್ದದ ಒಂದು ಜೊತೆ ತೋಳುಗಳು ಸಿಕ್ಕಿದುವು. ಆ ತೋಳಿನ ಒಡೆಯನನ್ನು ಡೈನೊಕೈರಸ್ ಎಂದು ಕರೆದರು. ಅದರ ಪೂರ್ಣರೂಪ ತಿಳಿದುದು ೨೦೧೪ರಲ್ಲಿ. ವಂಶದಿಂದ ಅದು ಟಿರನೊಸಾರಸ್ಸಿನ ದೂರದ ದಾಯಾದಿ. ಎರಡೇ ಕಾಲಿನ ಮೇಲೆ ನಡೆಯುವುದು. ಆದರೆ ಬಾಯಲ್ಲಿ ಹಲ್ಲಿಲ್ಲ. ಹೊಟ್ಟೆಯಿದ್ದ ಎಡೆಯಲ್ಲಿ ಸಸ್ಯಗಳನ್ನು ಅರೆಯಲು ನುಂಗಿದ ಸಾವಿರಕ್ಕೂ ಹೆಚ್ಚು ಬೆಣಚುಕಲ್ಲುಗಳು, ಜೊತೆಗೆ ಮೀನಿನ ಅವಶೇಷ. ಎಂದರೆ ಮಾಂಸಾಹಾರದ ವ್ರತವನ್ನು ಮುರಿದ ಪ್ರಾಣಿ. ಸೊಪ್ಪು ತಿನ್ನತೊಡಗಿದ ಮೇಲೂ ಅದರ ತೂಕ ಸುಮಾರು ೬.೪ ಟನ್, ಟಿರನೊಸಾರಸ್ಸಿಗಿಂತ ಕಡಿಮೆ. ಒಂದೇ ಉದಾಹರಣೆಯಿಂದ ಸಿದ್ಧಾಂತವನ್ನು ಕಟ್ಟುವುದು ತರವಲ್ಲ. ಆದರೂ ಎರಡು ಕಾಲಿನ ತಡೆಗೆ ಸಾಮಾನ್ಯವಾಗಿ ಕೊಡುವುದಕ್ಕಿಂತ ಹೆಚ್ಚು ಬೆಲೆಯನ್ನು ಕೊಡಬೇಕೆಂದು ನಮಗೆ ಅನ್ನಿಸುವುದು.

ಪೂರ್ಣವಾಗಿ ಬೆಳೆದ ಪ್ರಾಣಿಗಳ ತೂಕವನ್ನು ಮಾತ್ರ ಹೋಲಿಸುವುದರಲ್ಲಿ ಮತ್ತೊಂದು ದೋಷವಿದೆ. ೭೦ ಟನ್ನಿನ ಸಾರೊಪಾಡನ್ನು ೪ ಟನ್ನಿನ ಮಾಂಸಾಹಾರಿ ಕೆಡಹುವುದೆಂತು ಎಂದು ಕೇಳುವರು. ಕೆಡಹಬೇಕಾದ ಅಗತ್ಯವಿರಲಿಲ್ಲ. ಸಾರೊಪಾಡಿನ ಮೊಟ್ಟೆ ಆರರಿಂದ ಎಂಟು ಅಂಗುಲದ ಗುಂಡು. ಅದರಿಂದ ಹೊರಬಂದ ಮರಿ ಕೆಲವು ಕಿಲೋಗ್ರಾಂ ತೂಕದ್ದು. ಆನೆಯ ಮರಿ ಹುಟ್ಟುವಾಗಲೇ ನೂರು ಕಿಲೋಗ್ರಾಂ ಇದ್ದು, ತಾಯಿಯ ಕಾಲಬುಡದಲ್ಲಿ ವರ್ಷಗಟ್ಟಲೆ ಬೆಳೆಯುವುದು. ಸಾರೊಪಾಡಿನ ಮರಿಗಾದರೋ ಸುತ್ತಲೂ ಶತ್ರುಗಳು. ಗುಜರಾತಿನ ಧೋಲಿ ಡುಂಗ್ರಿ ಎಂಬಲ್ಲಿ ಭಾರತೀಯ ಭೂವಿಜ್ಞಾನಿ ಧನಂಜಯ ಮೊಹಾಬೆಯವರಿಗೆ ೧೯೮೦ರ ದಶಕದಲ್ಲಿ ಒಂದು ಮೊಟ್ಟೆಗೂಡು ಸಿಕ್ಕಿತು. ಅದರಲ್ಲಿದ್ದ ಕೆಲವು ಎಲುಬುಗಳು ಮರಿಯವಲ್ಲ, ಒಡೆದ ಮೊಟ್ಟೆಯನ್ನು ಸುತ್ತಿಕೊಂಡು ಬಿದ್ದಿದ್ದ ಸುಮಾರು ಹನ್ನೊಂದು ಅಡಿಯ ಹಾವಿನವು ಎಂಬುದು ಬಹುಕಾಲದ ಮೇಲೆ ಸ್ಪಷ್ಟವಾಗಿ, ೨೦೧೦ರಲ್ಲಿ ಪ್ರಕಟವಾಯಿತು. ಪಕ್ಕದಲ್ಲಿ ಒಂದೂವರೆ ಅಡಿಯ ಮರಿ. ಎಂಥ ದೈತ್ಯನಾದರೂ ಹಾವಿನ ತುತ್ತಾಗುವ ಕಾಲವೊಂದನ್ನು ದಾಟಿಯೇ ಬರಬೇಕಾಗಿದ್ದಿತು.

ಮಾಂಸಾಹಾರಿಗಳ ಮರಿಗಳಿಗೂ ಇದೇ ನ್ಯಾಯ. ಅದರ ಫಲ ಮಾತ್ರ ವಿಚಿತ್ರ. ಏಳು ಖಂಡಗಳ ೪೩ ಕಡೆಗಳ ಡೈನೋಸಾರುಗಳನ್ನು ಪರಿಶೀಲಿಸಿ ೨೦೨೧ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಟಿರನೊಸಾರಸ್ಸಿನಂಥ ಭಾರಿಯ ಮಾಂಸಾಹಾರಿಗಳಿದ್ದ ಕಡೆ ೧೦೦ರಿಂದ ೧,೦೦೦ ಕಿಲೋಗ್ರಾಂ ತೂಕದ ಮಧ್ಯಮಗಾತ್ರದ ಮಾಂಸಾಹಾರಿ ಜಾತಿಗಳು ಬಹಳ ವಿರಳವೆಂದು ಕಂಡುಬಂದಿತು. ಇಂದಿನ ಆಫ್ರಿಕದ ಕಾಡಿನಲ್ಲಿ ಸಿಂಹದಿಂದ ಮುಂಗುಸಿಯವರೆಗೆ ಎಲ್ಲ ಅಳತೆಯ ಬೇಟೆಗಾರರೂ ಉಂಟು. ಅಂದು ನಡುವಣ ಮೆಟ್ಟಿಲುಗಳಲ್ಲಿ ನಿಂತಿದ್ದವು ದೊಡ್ಡವುಗಳ ಮಕ್ಕಳೇ. ಒಂದೇ ಜಾತಿಯ ಪ್ರಾಣಿ ಮೊದಲು ನರಿಯ ಕೆಲಸವನ್ನೂ, ಬೆಳೆದಂತೆ ಚಿರತೆಯ ಕೆಲಸವನ್ನೂ, ಕೊನೆಗೆ ಹುಲಿಯ ಕೆಲಸವನ್ನೂ ಮಾಡುತ್ತಿದ್ದಿತೆನ್ನಬಹುದು.

ಈ ಲೆಕ್ಕಾಚಾರವೆಲ್ಲ ನಮ್ಮ ನೆರೆಯ ತಮಿಳುನಾಡಿನಲ್ಲಿ ಒಮ್ಮೆ ಪರೀಕ್ಷೆಗೆ ಒಳಗಾಯಿತು. ಅರಿಯಲೂರಿನ ಸಮೀಪದ ಕಲ್ಲಮೇಡು ಎಂಬ ಹಳ್ಳಿಯ ಹತ್ತಿರ, ಸುಮಾರು ೭ ಕೋಟಿ ವರ್ಷದ ಸ್ತರಗಳಲ್ಲಿ ಸೊಂಟದ ಎಲುಬು, ತೊಡೆಯೆಲುಬಿನ ತುಂಡು, ಮೊಳಕಾಲಿನ ಕೆಳಗಿನ ಒಂದು ದೊಡ್ಡ ಎಲುಬು, ಬಾಲದ ಒಂದು ಮಣ ಇಷ್ಟು ಸಿಕ್ಕಿದುವು. ೧೯೮೦ರ ದಶಕದ ಕೊನೆಗೆ ಯಾದಗಿರಿ ಮತ್ತು ಅಯ್ಯಾಸಾಮಿ ಎಂಬ ಭೂವಿಜ್ಞಾನಿಗಳು ಇದನ್ನು ವರ್ಣಿಸಿ, ಸಂಸ್ಕೃತದಿಂದ ಬೃಹತ್ಕಾಯೊಸಾರಸ್ ಎಂಬ ಹೆಸರನ್ನು ಕೊಟ್ಟು, ಇದೊಂದು ಮಾಂಸಾಹಾರಿ ಡೈನೋಸಾರೆಂದು ಸಾರಿದರು. ಆ ಕಾಲಿನ ಎಲುಬಿನ ಉದ್ದ ಆರೂವರೆ ಅಡಿ. ದೊಡ್ಡ ಟಿರನೊಸಾರಸ್ಸಿನಲ್ಲಿ ಅದೇ ಎಲುಬು ಸುಮಾರು ನಾಲ್ಕು ಅಡಿ. ಉದ್ದ ಒಂದೂವರೆಯಷ್ಟಕ್ಕೂ ಹೆಚ್ಚಾದರೆ ಭಾರ, ಗೆಲಿಲಿಯೋವಿನ ಲೆಕ್ಕದಲ್ಲಿ, ನಾಲ್ಕರಷ್ಟಾದರೂ ಆಗಬೇಕು. ಎಂದರೆ ಎರಡು ಕಾಲಿನ ಮೇಲೆ ನಡೆದು ಮಾಂಸವನ್ನು ಬೇಟೆಯಾಡಿ ತಿನ್ನುವ ೩೫ ಟನ್ನಿನ ಪ್ರಾಣಿ! ಅದಕ್ಕೆ ಎಷ್ಟು ನಾಡು ಬೇಕು, ಎಷ್ಟು ಹಿಂಡು ಬೇಕು ಎಂಬುದನ್ನು ಶ್ರೋತೃಗಳು ನಾಗರಹೊಳೆಯ ಹುಲಿಯ ಲೆಕ್ಕದಿಂದ ತಾವೇ ಊಹಿಸಬಹುದು.

೧೯೯೦ರ ದಶಕದಲ್ಲಿ ಶಂಕರ ಚಟರ್ಜಿಯವರು ಈ ಎಲುಬುಗಳನ್ನು ಪುನಃ ವಿಮರ್ಶಿಸಿ, ಇವು ಮಾಂಸಾಹಾರಿಯವಲ್ಲ, ಸಾರೊಪಾಡಿನವೆಂದು ತಿಳಿಸಿದರು. ತಕ್ಕಡಿ ಒಡನೆಯೇ ಇನ್ನೊಂದು ಕಡೆಗೆ ವಾಲಿತು. ಅಸಾಧ್ಯನಾದ ಮಾಂಸಾಹಾರಿ ಹೋಗಿ, ಅರ್ಜೆಂಟಿನೊಸಾರಸ್ಸನ್ನೂ ಮೀರಿಸುವ ಸಸ್ಯಾಹಾರಿ ಬಂದು ನಿಂತಿತು. ೨೦೨೩ರ ಒಂದು ಅಂದಾಜು ಅದಕ್ಕೆ ೧೦೦ ಟನ್ನಿಗೂ ಮೀರಿದ ತೂಕವನ್ನು ಕಟ್ಟಿದೆ. ಅದು ನಿಜವಾದರೆ ನೆಲದ ಮೇಲೆ ನಡೆದ ಪ್ರಾಣಿಗಳಲ್ಲಿ ನೀಲಿ ತಿಮಿಂಗಿಲದ ಪಕ್ಕದಲ್ಲಿ ನಿಲ್ಲಬಲ್ಲದ್ದು ಇದೊಂದೇ. ಇವು ಎಲುಬುಗಳೇ ಅಲ್ಲ, ಕಲ್ಲಾದ ಮರದ ತುಂಡುಗಳೆಂದು ಸಂಶಯಪಟ್ಟವರೂ ಉಂಟು. ೨೦೨೨ರಲ್ಲಿ ಅಯ್ಯಾಸಾಮಿಯವರೂ ಅವರ ಸಹೋದ್ಯೋಗಿಯೂ ಹಳೆಯ ಛಾಯಾಚಿತ್ರಗಳನ್ನು ಹೊರಗೆ ತಂದು ಆ ಸಂಶಯಕ್ಕೆ ಉತ್ತರಕೊಟ್ಟರು. ಎಲುಬುಗಳನ್ನೇ ತೋರಿಸುವಂತಿರಲಿಲ್ಲ. ಬಹಳ ಶಿಥಿಲವಾಗಿದ್ದ ಅವು ಅಗೆದು ತೆಗೆದ ಮೇಲೆ ಪುಡಿಪುಡಿಯಾಗಿ ಹೋಗಿದ್ದುವೆಂಬುದು ೨೦೧೭ರಲ್ಲಿಯೇ ತಿಳಿದುಬಂದಿದ್ದಿತು. ಈಗ ಉಳಿದಿರುವುದು ಕೆಲವು ಚಿತ್ರಗಳು, ಅಳತೆಯ ಕೆಲವು ಅಂಕಿಗಳು. ಕಲ್ಲಮೇಡಿನ ಸ್ತರಗಳು ಅಲ್ಲಿಯೇ ಇವೆ.